ಪೆನ್ಸಿಲಿನ ಪ್ರಶ್ನೆ ಚಿಹ್ನೆ

ಕಾರ್ಡಿನಿಂದ ಇನ್ನೂ ನುಸಿಗುಳಿಗೆಯ ವಾಸನೆ ಬರುತ್ತದೆ. ಗ್ರಂಥಾಲಯದವರು ಬೇಡವೆಂದು ಬಿಸಾಡಿದ ಹಳೆಯ ಕಾರ್ಡು, ಕೆಳಗೆ ಕಂಬಿ ತೂರಿಸುವ ತೂತು. ಹಿಂಬದಿಯಲ್ಲಿ ಮಸಿಯಿಂದ ಬರೆದ ಮೂರು ಸಾಲು. ಹಣ್ಣಿನ ನೊಣ: ಕಣ್ಣಿಲ್ಲದ್ದು. ಇಲಿ: ಸಣ್ಣ ಕಣ್ಣು. ಮೂರನೆಯದು ಮನುಷ್ಯನದು, ಕಣ್ಣಿನ ದೋಷವೊಂದಕ್ಕೆ ಡಾಕ್ಟರುಗಳು ಬಳಸುವ ಉದ್ದದ ಗ್ರೀಕ್ ಹೆಸರು. ಮೂರನ್ನೂ ಸೇರಿಸಿ ಪಕ್ಕದಲ್ಲೊಂದು ಗೆರೆ. ಕಳೆದ ವಾರ ಮೇಷ್ಟ್ರ ಮಗಳು ಇದನ್ನು ತಂದು ನನ್ನ ಕೈಗಿಟ್ಟಳು.

ಮೇಷ್ಟ್ರು ದಾವಣಗೆರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಹೇಳುತ್ತಿದ್ದರು. ನಾನು ಅದೇ ಊರಿನ ಪತ್ರಿಕೆಯೊಂದರಲ್ಲಿ ವರದಿಗಾರ. ಇಬ್ಬರ ಮನೆಯೂ ಹರಿಹರದಲ್ಲಿ, ಒಂದೇ ಓಣಿ. ಎಂಬತ್ತರ ದಶಕದ ಬಹುಪಾಲು ಬೆಳಗುಗಳಲ್ಲಿ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು.

ಎಂಬತ್ತರ ಫೆಬ್ರವರಿಯಲ್ಲಿ ಸೂರ್ಯಗ್ರಹಣವಾಯಿತು. ಆ ಮಧ್ಯಾಹ್ನ ಓಣಿಯಲ್ಲಿ ನಾಯಿ ಕೂಡ ಇರಲಿಲ್ಲ. ಮೇಷ್ಟ್ರ ಹೆಂಡತಿ, ನಾನು ಅಕ್ಕ ಎನ್ನುತ್ತಿದ್ದವರು, ಆಗ ಮೂರು ತಿಂಗಳ ಬಸುರಿ. ಹಿತ್ತಲಲ್ಲಿ ಒಣಹಾಕಿದ್ದ ಮೆಣಸಿನಕಾಯಿಯ ನೆನಪಾಗಿ ಹೊರಗೆ ಹೋದರು, ಚಾಪೆ ಸುತ್ತಿಕೊಂಡು ಬಂದರು. ಅಷ್ಟೇ. ಶ್ರಾವಣದಲ್ಲಿ ಹೆಣ್ಣುಮಗು ಹುಟ್ಟಿತು. ಕಣ್ಣಿನ ಕಪ್ಪು ಬೊಟ್ಟಿನ ಸುತ್ತ ಇರಬೇಕಾದ ಕಂದು ಬಣ್ಣದ ಬಳೆ ಅದಕ್ಕೆ ಇರಲಿಲ್ಲ. ಬೆಳಕಿಗೆ ತಂದರೆ ಮುಖ ಕಿವುಚಿ ಅಳುತ್ತಿತ್ತು. ಓಣಿಯವರು ಅದಕ್ಕೆ ಗ್ರಹಣದ ಕೂಸು ಎಂದು ಹೆಸರಿಟ್ಟರು.

ಡಾಕ್ಟರು ಇದು ಹುಟ್ಟಿನಿಂದ ಬಂದದ್ದು, ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು. ಅಕ್ಕ ನಂಬಲಿಲ್ಲ. "ಡಾಕ್ಟ್ರು ಸಮಾಧಾನಕ್ಕ ಹೇಳ್ತಾರ. ಪೇಪರ್‌ನಾಗ ಬಂದೈತಲ್ರೀ," ಎನ್ನುತ್ತಿದ್ದರು. ಬಂದದ್ದು ನಿಜ. ಗ್ರಹಣದ ಹಿಂದಿನ ದಿನ ನಮ್ಮ ಪತ್ರಿಕೆಯಲ್ಲಿ ಎಂಟು ಸಾಲಿನ ಸುದ್ದಿಯಿತ್ತು: ಬಸುರಿಯರು ಹೊರಗೆ ಬಂದರೆ ಮಗುವಿನ ಕಣ್ಣಿಗೆ ಕೇಡು. ಅಕ್ಕ ಅದನ್ನು ಕತ್ತರಿಸಿ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು.

ಮಗುವಿಗೆ ಐದಾಗುವ ಹೊತ್ತಿಗೆ ಮೇಷ್ಟ್ರು ಕಾರ್ಡು ಬರೆಯಲು ಶುರುಮಾಡಿದ್ದರು. ಬೇಸಿಗೆ ರಜೆಯಲ್ಲಿ ಬೆಂಗಳೂರಿಗೆ ಹೋಗಿ, ದೊಡ್ಡ ಗ್ರಂಥಾಲಯಗಳಲ್ಲಿ ಕೂತು, ಒಂದೊಂದು ವಂಶವಾಹಿಗೆ ಒಂದೊಂದು ಕಾರ್ಡು ಮಾಡುತ್ತಿದ್ದರು. ಎಲ್ಲವನ್ನೂ ಬೂಟಿನ ಡಬ್ಬಿಯಲ್ಲಿ ನುಸಿಗುಳಿಗೆ ಹಾಕಿ ಇಡುತ್ತಿದ್ದರು. ಕಣ್ಣಿನ ಕಾರ್ಡು ಮಾತ್ರ ಜೇಬಿನಲ್ಲಿ.

"ನೊಣ ಸಾಕೋರು ಒಂದು ಹೆಸರು ಇಡ್ತಾರ. ಇಲಿ ಸಾಕೋರು ಇನ್ನೊಂದು. ಡಾಕ್ಟ್ರದ್ದು ಮತ್ತೊಂದು," ಎಂದರು ಒಂದು ದಿನ ಬಸ್ಸಿನಲ್ಲಿ. "ಒಬ್ಬರದ್ದು ಒಬ್ಬರು ಓದಂಗಿಲ್ಲ. ನನಗನಿಸ್ತೈತೆ, ಮೂರೂ ಒಂದೇ ವಂಶವಾಹಿ. ಕಣ್ಣು ಕಟ್ಟೋದೇ ಅದರ ಕೆಲಸ. ಆದ್ರ ಕೆಟ್ಟಾಗ ಮಾತ್ರ ಇವರಿಗೆ ಕಾಣ್ತು ನೋಡ್ರಿ. ಅದಕ್ಕ ಕಣ್ಣಿಲ್ಲದ್ದು ಅಂತ ಕರದ್ರು."

ಮೂರು ಹೆಸರುಗಳ ಪಕ್ಕದ ಗೆರೆಯ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನೆ ಚಿಹ್ನೆಯಿತ್ತು. ಮೂರೂ ಒಂದೇ ಎಂದು ಅಲ್ಲಿಯವರೆಗೆ ಯಾರೂ ತೋರಿಸಿಕೊಟ್ಟಿರಲಿಲ್ಲ.

ಅವರು ಆ ಕಾರ್ಡನ್ನು ಅಕ್ಕನಿಗೆ ತೋರಿಸಿದಾಗ ನಾನು ಅಲ್ಲೇ ಕಟ್ಟೆಯ ಮೇಲೆ ಕೂತಿದ್ದೆ. "ಈ ಇಲಿ ಯಾವ ಗ್ರಹಣ ನೋಡಿತ್ತು, ಹೇಳು?"

"ಇಲಿಗೆ ಅತ್ತಿ ಇಲ್ಲಲ್ರೀ, ಇದ್ದಿದ್ರ ಯಾವ ಗ್ರಹಣ ಅಂತ ಆಕೀನ ಹೇಳ್ತಿದ್ಲು," ಎಂದರು ಅಕ್ಕ. ಒಳಗಿದ್ದ ಅತ್ತೆ ಕೆಮ್ಮಿದರು. ನಾವು ಮೂವರೂ ನಕ್ಕೆವು. ಆಮೇಲೆ ಅಕ್ಕ ಸೆರಗಿನಿಂದ ಮಗುವಿನ ಕಣ್ಣಿಗೆ ನೆರಳು ಮಾಡಿ ಒಳಗೆ ಹೋದರು... ಆ ನಗು ಅವರ ಮುಖದಲ್ಲಿ ಹೊಸ್ತಿಲ ತನಕವೂ ಉಳಿಯಲಿಲ್ಲ.

ಮರುದಿನ ಬಸ್ಸಿನಲ್ಲಿ ಮೇಷ್ಟ್ರು ಆ ಎಂಟು ಸಾಲಿನ ತುಣುಕನ್ನು ಬಿಚ್ಚಿ ತೋರಿಸಿದರು. "ಇದನ್ನ ಬರದೋರು ಯಾರು, ಗೊತ್ತೇನ್ರಿ?"

"ಡೆಸ್ಕಿನವರು ಯಾರೋ ಇರಬೇಕು," ಎಂದೆ.

"ಅವರಿಗೆ ಹೇಳ್ರಿ, ಇನ್ನೊಂದು ಎಂಟು ಸಾಲು ಬರೀಲಿ. ಆಕಿ ನನ್ನ ಮಾತು ನಂಬಂಗಿಲ್ಲ. ಅಚ್ಚಾಗಿದ್ದು ನಂಬ್ತಾಳ."

ಬರೆದವನು ನಾನೇ. ಪುಟದ ಮೂಲೆಯಲ್ಲಿ ಜಾಗ ಉಳಿದಿತ್ತು. ಯಾರೋ ಹಿರಿಯರು ಹೇಳಿದ್ದನ್ನು ಹತ್ತು ನಿಮಿಷದಲ್ಲಿ ಗೀಚಿ ಕೊಟ್ಟಿದ್ದೆ. ಆಧಾರವೇನೆಂದು ಆಗ ಯಾರೂ ಕೇಳಿರಲಿಲ್ಲ. ಈ ಸಲ ನಾನು ಒಯ್ದ ಕಾರ್ಡು ನೋಡಿ ಸಂಪಾದಕರು ಕೇಳಿದರು. "ಅವರಿಗೇ ಖಾತ್ರಿ ಇಲ್ಲ, ನಾವು ಹೆಂಗೆ ಹಾಕೋದು? ಪ್ರಶ್ನೆ ಚಿಹ್ನೆ ತೆಗದು ಕೊಡ್ತಾರೇನು ಕೇಳು."

ಕೇಳಿದೆ. ಮೇಷ್ಟ್ರು ನನ್ನ ಕೈಯಿಂದ ಕಾರ್ಡು ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. ಆಮೇಲೆ ಅಂದರು, "ಬ್ಯಾಡ್ರಿ. ನಾಳೆ ಇದು ಸುಳ್ಳಾದ್ರ ಆಕಿ ಮತ್ತ ಹಳೇದನ್ನೇ ಗಟ್ಟಿಯಾಗಿ ಹಿಡ್ಕೋತಾಳ. ಇರೋದನ್ನ ಇದ್ದಂಗ ಹೇಳ್ಬೇಕು."

ಗ್ರಹಣದಿಂದ ಕಣ್ಣು ಕೆಡುವುದಿಲ್ಲ ಎಂದು ಡಾಕ್ಟರನ್ನೇ ಕೇಳಿ ಬರೆಯಬಹುದಿತ್ತು. ಅದಕ್ಕೆ ಯಾವ ಕಾರ್ಡೂ ಬೇಕಿರಲಿಲ್ಲ. ಆದರೆ ಹಾಗೆ ಬರೆದರೆ ನಮ್ಮದೇ ಹಳೆಯ ಸುದ್ದಿ ತಪ್ಪೆಂದು ಒಪ್ಪಬೇಕಿತ್ತು. ಅದನ್ನು ಬರೆದವರು ಯಾರೆಂಬ ಮಾತು ಬರುತ್ತಿತ್ತು. ನಾನು ಸುಮ್ಮನಿದ್ದೆ.

ಮಗಳಿಗೆ ಎಂಟು ವರ್ಷವಿದ್ದಾಗ ಅಕ್ಕ ಕಾಮಾಲೆಯಿಂದ ತೀರಿಕೊಂಡರು. ಕೊನೆಯ ದಿನಗಳಲ್ಲಿ ಭಾನುವಳ್ಳಿಯಿಂದ ಬಂದ ತಾಯಿಯ ಹತ್ತಿರ ಒಂದೇ ಮಾತು ಆಡುತ್ತಿದ್ದರಂತೆ. ಮೆಣಸಿನಕಾಯಿ ನೆನೆದರೆ ನೆನೆಯಲಿ ಅಂತ ಬಿಡಬೇಕಿತ್ತು... ಎಂದು. ಗ್ರಹಣದ ದಿನ ಮಳೆಯೇ ಇರಲಿಲ್ಲ.

ಆಮೇಲೆ ಕೆಲವು ವರ್ಷಕ್ಕೆ ಟೆಲಿಪ್ರಿಂಟರ್ ಮೇಲೆ ವಿದೇಶದ ಸುದ್ದಿಯೊಂದು ಬಂತು. ನೊಣ, ಇಲಿ, ಮನುಷ್ಯ, ಮೂರರಲ್ಲೂ ಕಣ್ಣಿಗೆ ಕಾರಣವಾದದ್ದು ಒಂದೇ ವಂಶವಾಹಿ ಎಂದು ಗೊತ್ತಾಗಿತ್ತು. ಎಂಟು ಸಾಲು ಮಾಡಿ ಹಾಕಿದೆ. ಮರುದಿನ ಪತ್ರಿಕೆ ಹಿಡಿದು ಮೇಷ್ಟ್ರ ಮನೆಗೆ ಹೋದೆ. ಅವರು ಕಿಟಕಿಯ ಹತ್ತಿರ ಹೋಗಿ ಎರಡು ಸಲ ಓದಿದರು.

"ನೀವೇ ಬರದಿದ್ದು?"

"ಹೌದು," ಎಂದೆ. ಆಮೇಲೆ, "ಹಳೇದೂ," ಎಂದೆ.

"ಗೊತ್ತಿತ್ತು," ಎಂದರು. "ಕೂಡ್ರಿ, ಚಾ ಮಾಡ್ತೀನಿ." ಮಾಡಿದರು. ನಾನು ಕುಡಿದೆ. ಆ ವಿಷಯ ನಮ್ಮಿಬ್ಬರ ನಡುವೆ ಮತ್ತೆ ಬರಲಿಲ್ಲ.

ಮೇಷ್ಟ್ರು ಹೋಗಿ ಈಗ ಒಂದು ತಿಂಗಳು. ಮಗಳು ಕಪ್ಪು ಕನ್ನಡಕ ಹಾಕಿಕೊಂಡು, ಸೋದರಮಾವನ ತೋಳು ಹಿಡಿದು ಬಂದಿದ್ದಳು. ಜೇಬಿನಲ್ಲಿದ್ದ ಕಾರ್ಡು ನಿಮಗೆ ಕೊಡಬೇಕೆಂದು ಅಪ್ಪ ಹೇಳಿದ್ದರು ಎಂದಳು. ಈಗ ಅವಳಿಗೆ ಅಕ್ಷರ ಕಾಣುವುದಿಲ್ಲ. "ಏನು ಬರದಾರ್ರೀ ಕಾಕಾ, ಓದ್ರಿ," ಎಂದಳು. ಓದಿದೆ. ಪ್ರಶ್ನೆ ಚಿಹ್ನೆಯನ್ನು ಅಳಿಸಿದ್ದಾರೆ. ಪೆನ್ಸಿಲು ಒತ್ತಿದ ಗುರುತು ಬೆರಳಿಗೆ ಸಿಗುತ್ತದೆ. ಅವಳ ಬೆರಳನ್ನು ಅದರ ಮೇಲೆ ಇಟ್ಟು, ಅದೇನೆಂದು ಹೇಳಿದೆ.

ಅವಳು ಬಹಳ ಹೊತ್ತು ಬೆರಳು ಎತ್ತಲಿಲ್ಲ. ಆಮೇಲೆ ಕೇಳಿದಳು, "ಅವ್ವಗ ಇದನ್ನ ಈ ಚಿಹ್ನೆ ಇಲ್ಲದಂಗ ಯಾರಾದ್ರೂ ಓದಿ ಹೇಳಿದ್ರೇನ್ರಿ?"

ಇಲ್ಲ ಎಂದೆ.