ತಂಗಿಗೆ ಗೋಧಿ ಬಿಡಿಸಿದ ವರ್ಷ

ಆಗ ನಮ್ಮ ಕಡೆ ಗೋಧಿಗೆ ಬಲು ಮರ್ಯಾದೆ. ಔರಾದ ತಾಲೂಕಿನ ನಮ್ಮ ಹಳ್ಳಿಯಲ್ಲಿ ನಿತ್ಯದ ಊಟಕ್ಕೆ ಜೋಳದ ರೊಟ್ಟಿ. ಚಪಾತಿ ಏನಿದ್ದರೂ ಬೀಗರು ಬಂದಾಗ, ಹಬ್ಬಕ್ಕೆ, ಇಲ್ಲವೇ ಯಾರಾದರೂ ಹಾಸಿಗೆ ಹಿಡಿದಾಗ. ನನ್ನ ತಂಗಿ ಭಾಗುಗೆ ಮಾತ್ರ ದಿನಾಲೂ ಚಪಾತಿ.

ತಾಯಿಹಾಲು ಬಿಟ್ಟಂದಿನಿಂದ ಸೊರಗಿದವಳು ಅವಳು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಉಬ್ಬಿಕೊಂಡಿರುತ್ತಿತ್ತು. ಬೆಳಗಿನಿಂದ ಬೈಗಿನವರೆಗೆ ಭೇದಿ. ಪಾಪ, ರೊಟ್ಟಿ ಅರಗದು ಎಂದು ಅವ್ವ ಮೆತ್ತಗಿನ ಚಪಾತಿಯನ್ನು ಹಾಲು ಸಕ್ಕರೆಯಲ್ಲಿ ನೆನೆಸಿ ತಿನ್ನಿಸುತ್ತಿದ್ದಳು. ಹಂಚಿನ ಮೇಲೆ ತುಪ್ಪ ಬಿದ್ದ ವಾಸನೆಗೆ ನನಗೆ ಬಾಯಲ್ಲಿ ನೀರು.

"ಅವ್ವಾ, ನನಗೂ ಒಂದ್ ಕೊಡು."

"ನೀ ಗಟ್ಟಿ ಅದಿ, ರೊಟ್ಟಿ ತಿನ್ನು. ಆ ಪೋರಿಗಿ ಮೈಗಿ ಹತ್ತಬೇಕು."

ಭಾಲ್ಕಿಯಲ್ಲಿ ಜಂತಿನ ಔಷಧ ಆಯಿತು, ದರ್ಗಾದ ದಾರ ಆಯಿತು. ಕೊನೆಗೆ, ಬೀದರಿನ ಗಾಂಧಿ ಗಂಜದ ಕಾಳಿನ ಪೇಟೆಯಲ್ಲಿ ಹಮಾಲಿ ಮಾಡುತ್ತಿದ್ದ ಅಪ್ಪ ನಮ್ಮನ್ನೆಲ್ಲ ಅಲ್ಲಿನ ಮಕ್ಕಳ ಡಾಕ್ಟರ ಬಳಿಗೆ ಕರೆದೊಯ್ದ. ಅವರು ಭಾಗುವಿನ ಹೊಟ್ಟೆ ಒತ್ತಿ ನೋಡಿ ಹೇಳಿದರು:

"ಸೀಲಿಯಾಕ್ ಅಂತ ಒಂದು ರೋಗ ಅದರಿ. ಗೋಧಿಯೊಳಗಿನ ಅಂಟು ಕರುಳು ಕೆಡಸ್ತದ. ರಕ್ತ ಹೈದರಾಬಾದಿಗಿ ಕಳಿಸಿ ನೋಡ್ಬೇಕು. ಮುಂದಿನ ವಾರ ಬರ್ರಿ. ಖರೆ, ಅಲ್ಲಿತನ ಗೋಧಿ ಬಿಡಿಸ್ಬ್ಯಾಡ್ರಿ. ಬಿಡಿಸಿದ್ರ ರೋಗ ಇದ್ರೂ ರಕ್ತದಾಗ ಕಾಣಲ್ಲ."

ಅಪ್ಪ ತಲೆಯಾಡಿಸಿದ. ಬಸ್ಸಿನಲ್ಲಿ ಅವ್ವ ಸೆರಗು ಬಾಯಿಗಿಟ್ಟುಕೊಂಡು ಅತ್ತಳು.

"ಅದೇ ಇಸ ಅಂತಾರ, ಅದನ್ನೇ ಉಣಸು ಅಂತಾರ! ಹೆತ್ತ ಕೈಲಿಂದ ಹ್ಯಾಂಗ ಉಣಸ್ಲಿ?"

ಅಂದು ಸಂಜೆಯಿಂದಲೇ ಭಾಗುಗೆ ಗೋಧಿ ಬಂದ್.

ಮುಂದಿನ ವಾರ ಬಿತ್ತನೆ ಬಂತು. ಆಮೇಲೆ ಮಳೆ, ಆಮೇಲೆ ಗಂಜದಲ್ಲಿ ಹೆಸರು ಉದ್ದಿನ ಹಂಗಾಮು. ಅಷ್ಟರಲ್ಲಿ ಭಾಗುವಿನ ಭೇದಿ ನಿಂತಿತ್ತು, ಯಾರಿಗೂ ಅವಸರ ಉಳಿಯಲಿಲ್ಲ. ಹಿಂಗಾರಿ ಜೋಳ ಹಾಲುಗಟ್ಟುವ ಹೊತ್ತಿಗೆ ನಾವಿಬ್ಬರೂ ಹೊಲದಲ್ಲೇ ಇರುತ್ತಿದ್ದೆವು. ಎಳೆ ತೆನೆಯನ್ನು ಕುಳ್ಳಿನ ಕೆಂಡದಲ್ಲಿ ಸುಟ್ಟು, ಬಡಿದು, ಬಿಸಿಬಿಸಿ ಸೀತನಿಯನ್ನು ಖಾರದ ಶೇಂಗಾ ಹಿಂಡಿಪುಡಿ ಹಚ್ಚಿಕೊಂಡು ಮುಕ್ಕುವುದೇ ಕೆಲಸ. ಭಾಗು ನನ್ನ ಪಾಲಿಗೂ ಕೈ ಹಾಕುತ್ತಿದ್ದಳು. ಮಂಚಿಕೆ ಏರಿ ಕವಣೆ ಬೀಸಿ ಹಕ್ಕಿಗೆ ಬೈಯುತ್ತಿದ್ದಳು, ಮುಟ್ಟಾಟದಲ್ಲಿ ಮೊದಲ ಬಾರಿಗೆ ನನ್ನನ್ನು ಓಡಿ ಹಿಡಿದಳು. ಅವಳ ಫ್ರಾಕು ಗಿಡ್ಡವಾಯಿತೆಂದು ಅವ್ವ ಅಂಚಿಗೆ ಬಟ್ಟೆ ಕೂಡಿಸಿ ಹೊಲಿದಳು. ನನಗೆ ಆ ಸುಗ್ಗಿಗಿಂತ ದೊಡ್ಡ ಸುಖ ಇನ್ನೊಂದು ಗೊತ್ತಿಲ್ಲ.

ರಾಶಿ ಮುಗಿದ ಮೇಲೆ ಅಪ್ಪ ಹಟ ಹಿಡಿದ. "ಒಮ್ಮಿ ತಪಾಸ ಮಾಡಸೇಬಿಡಮು. ಜೀವಕ್ಕ ಸಮಾಧಾನ." ಮತ್ತೆ ಬೀದರಿಗೆ ಹೋದೆವು. ಸೂಜಿ ಚುಚ್ಚುವ ಮೊದಲು ಡಾಕ್ಟರು ಕೇಳಿದರು, "ಗೋಧಿ ತಿನ್ನಸ್ಲತ್ತೀರಲ್ಲ?"

ಹೇಳಿದ ಮಾತು ಕೇಳಲಿಲ್ಲವೆಂದು ಎಲ್ಲಿ ಬೈಯುತ್ತಾರೋ ಎಂದು ಅವ್ವ ಹೆದರಿದಳು. "ಹೂಂ ರಿ ಸಾಹೇಬ್ರ, ದಿನಾ ತಿಂತಾಳ್ರಿ."

ರೋಗವಿಲ್ಲ ಎಂದು ಬಂತು. ಅಪ್ಪ ಊರಿಗೆಲ್ಲ ಪೇಡೆ ಹಂಚಿದ. ಅವ್ವ ಗೋಧಿ ಹುಗ್ಗಿ ಮಾಡಿ, ಮೇಲೆ ತುಪ್ಪ ಸುರಿದು ಭಾಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಉಣಿಸಿದಳು. ಖಾಲಿಪೀಲಿ ಮಗಳ ಬಾಯಿ ಕಟ್ಟಿದೆನಲ್ಲ ಎಂಬ ಸಂಕಟ ಅವಳಿಗೆ.

ಭೇದಿ ಮರಳಿತು. ಸೊರಗಿದಷ್ಟೂ ಅವ್ವ ಹೆಚ್ಚು ಹೆಚ್ಚು ಚಪಾತಿ ತಿನ್ನಿಸಿದಳು. ನೆರೆಯವರು ಏನಾದರೂ ಅಂದರೆ, "ಗೋಧಿದೇನೂ ತಪ್ಪಿಲ್ಲಂತ ಹೈದರಾಬಾದಿಲಿಂದೇ ಬಂದದ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಮಳೆಗಾಲದಲ್ಲಿ ವಾಂತಿಯೂ ಸೇರಿತು. ಬೀದರಿಗೆ ಹೊರಟ ಜೀಪಿನಲ್ಲಿ, ಬೀದರ ಇನ್ನೂ ದೂರವಿರುವಾಗಲೇ, ಭಾಗು ಅವ್ವನ ಮಡಿಲಲ್ಲಿ ತೀರಿಕೊಂಡಳು. ಅವ್ವ ಅದು ಗೊತ್ತಾಗದೆ ಬಹಳ ಹೊತ್ತು ಗಾಳಿ ಹಾಕುತ್ತಲೇ ಇದ್ದಳು.

ಈಗ ನನ್ನ ಮನೆ ಬೀದರಿನಲ್ಲಿ. ಅಪ್ಪ ಹೋದ ಮೇಲೆ ಅವ್ವನೂ ನನ್ನ ಜೊತೆಗಿದ್ದಾಳೆ. ಹೋದ ವರ್ಷ ನನ್ನ ಮಗಳಿಗೆ ಹೊಟ್ಟೆನೋವು ಹತ್ತಿದಾಗ ಮೂವರೂ ದವಾಖಾನೆಗೆ ಹೋದೆವು. ಈ ಡಾಕ್ಟರಿಗೆ ನಮ್ಮ ಕಥೆ ಏನೂ ಗೊತ್ತಿಲ್ಲ.

"ಸೀಲಿಯಾಕ್ ತಪಾಸ ಮಾಡೋಣ್ರಿ. ಅಲ್ಲಿತನ ಗೋಧಿ ಬಿಡಿಸ್ಬ್ಯಾಡ್ರಿ" ಎಂದರು. "ಭಾಳ ಮಂದಿ ಮೊದ್ಲೇ ಬಿಡಿಸಿಬಿಡ್ತಾರ. ರೋಗ ಇದ್ರೂ ಇಲ್ಲ ಅಂತ ಬರ್ತದ. ಮತ್ತ ಗೋಧಿ ಸುರು ಮಾಡ್ತಾರ, ಕೂಸು ಕೆಡ್ತದ."

ಅವ್ವನ ಕಡೆ ನೋಡಲು ನನಗೆ ಧೈರ್ಯವಾಗಲಿಲ್ಲ. ಹೊರಗೆ ಬಂದ ಮೇಲೆ ಅವಳೇ ಕೇಳಿದಳು.

"ಅವತ್ತ ನಾ ಖರೆ ಹೇಳಿದ್ರ, ಭಾಗು ಉಳೀತಿದ್ಳೇನ?"

"ನನಗೇನ್ ಗೊತ್ತವ್ವಾ" ಎಂದೆ. ಗೊತ್ತಿತ್ತು. ನನಗೆ ಗೊತ್ತಿದೆ ಎಂದು ಅವಳಿಗೂ ತಿಳಿಯಿತು.

ಮಗಳಿಗೆ ಅದೇ ರೋಗವೆಂದು ಬಂತು. ರೊಟ್ಟಿ ತಿಂದು ಗಟ್ಟಿಯಾಗಿದ್ದಾಳೆ, ಸಂತೋಷವೇ. ತಂಗಿಯನ್ನು ಕಳೆದುಕೊಂಡದ್ದು ನನ್ನ ಮಟ್ಟಿಗೆ ಹಳೆಯ ದುಃಖ. ಅವ್ವ ಮಾತ್ರ ಇಷ್ಟು ವರ್ಷ, ಆ ಕೂಸಿಗೆ ದೇವರು ಬರೆದದ್ದೇ ಅಷ್ಟು ಎಂದುಕೊಂಡು ಬದುಕಿದ್ದಳು. ಆ ಮಾತನ್ನು ಅವಳು ಈಗ ಆಡುವುದಿಲ್ಲ.