ಆ ಹೊಲಿಗೆ ಯಂತ್ರ ಯಾರದು

ಹುಕ್ಕೇರಿಯ ಪ್ರೌಢಶಾಲೆಯಲ್ಲಿ ನಾನು ಪಾಠ ಮಾಡುತ್ತಿದ್ದ ವರ್ಷಗಳಲ್ಲಿ ನಾಜಿಗಳ ಪಾಠ ಒಂದೂವರೆ ಪುಟದ್ದಾಗಿತ್ತು. ಜರ್ಮನಿಯ ಜನ ಮರುಳಾದರು ಎಂದು ನಾನು ಹೇಳುತ್ತಿದ್ದೆ, ಮಕ್ಕಳು ಬರೆದುಕೊಳ್ಳುತ್ತಿದ್ದರು. ಮರುಳಾದವರು ಬೆಳಿಗ್ಗೆ ಏನು ತಿನ್ನುತ್ತಿದ್ದರು, ಯಾರ ಅಂಗಡಿಯಲ್ಲಿ ಗುಂಡಿ ಕೊಳ್ಳುತ್ತಿದ್ದರು ಎಂದು ಯಾರೂ ಕೇಳಲಿಲ್ಲ. ನನಗೂ ಹೊಳೆದಿರಲಿಲ್ಲ. ನಾನು ನೋಡಿದ್ದ ಸಿನಿಮಾಗಳಲ್ಲಿ ಅಂಥವರು ಇರುತ್ತಿರಲಿಲ್ಲ. ಅಲ್ಲಿ ಬೂಟುಗಾಲಿನ ಅಧಿಕಾರಿ ಅರಚುತ್ತಿದ್ದ. ಅವನ ಬೆನ್ನ ಹಿಂದೆ ದೂರದಲ್ಲಿ, ಕೈ ಎತ್ತಿದ ಜನ ಜೋಳದ ಹೊಲದಂತೆ ಕಾಣುತ್ತಿದ್ದರು, ಯಾರಿಗೂ ಮುಖವಿರುತ್ತಿರಲಿಲ್ಲ. ಇಲ್ಲವೇ ನೆಲಮಾಳಿಗೆಯಲ್ಲಿ ಯಾರನ್ನೋ ಬಚ್ಚಿಟ್ಟು ಕಾಪಾಡುವ ಒಳ್ಳೆಯವನೊಬ್ಬ ಇರುತ್ತಿದ್ದ. ನೋಡುವಷ್ಟು ಹೊತ್ತು ನಾವೆಲ್ಲ ಆ ಒಳ್ಳೆಯವನೇ ಆಗಿರುತ್ತಿದ್ದೆವು.

ನಿವೃತ್ತಿಯಾಗಿ ಮೂಡಲಗಿಗೆ ಬಂದ ಮೇಲೆ ನನ್ನ ಮನೆಯಲ್ಲಿ ಮಧ್ಯಾಹ್ನದ ಟಿವಿ ಶುರುವಾಯಿತು. ಊಟ ಮುಗಿಸಿ, ಎರಡು ಗಂಟೆಗೆ, ಓಣಿಯ ಹೆಂಗಸರು ಬರುತ್ತಿದ್ದರು. ತಪ್ಪದೆ ಬರುತ್ತಿದ್ದವರು ಇಬ್ಬರು: ಎದುರುಮನೆಯ ಕಿರಾಣಿ ಅಂಗಡಿಯವರ ಹಿರಿಯಾಕೆ, ಕಲ್ಲೋಳಿ ಊರಿನ ಮಗಳು, ಆಕೆಯನ್ನು ನಾವೆಲ್ಲ ದೊಡ್ಡವ್ವ ಎನ್ನುತ್ತಿದ್ದೆವು, ಇನ್ನೊಬ್ಬಳು ಆಕೆಯ ಸೊಸೆ. ಮಂಗಳವಾರ ಮಾತ್ರ ಮೂರನೆಯವಳೊಬ್ಬಳು ಸೇರುತ್ತಿದ್ದಳು. ಗೋಕಾಕದಿಂದ ಬಸ್ಸಿನಲ್ಲಿ ಬರುವ ಬಳೆಗಾರ್ತಿ, ಮುಸಲ್ಮಾನರಾಕೆ. ಕೈ ನೋಡಿಯೇ ಅಳತೆ ಹೇಳುತ್ತಿದ್ದಳು. ದೊಡ್ಡವ್ವನ ಮೂವರು ಹೆಣ್ಣುಮಕ್ಕಳಿಗೆ ಮದುವೆಯ ಬಳೆ ಇಡಿಸಿದವಳು ಅವಳೇ.

ಜರ್ಮನ್ ಧಾರಾವಾಹಿಯನ್ನು ಹಚ್ಚಿದವಳು ನಾನು. ಅದನ್ನು ಬಳೆಗಾರ್ತಿ ಬಂದ ಮಂಗಳವಾರಗಳಲ್ಲಿ ಮಾತ್ರ, ಎರಡೆರಡು ಕಂತು ನೋಡುತ್ತಿದ್ದೆವು. ಮಾತು ಜರ್ಮನ್, ಕೆಳಗೆ ಅಕ್ಷರಗಳು ಇಂಗ್ಲಿಷ್. ನಾನು ಓದಿ ಕನ್ನಡದಲ್ಲಿ ಹೇಳುತ್ತಿದ್ದೆ. ನಮ್ಮ ತಂದೆ ಶ್ರಾವಣದಲ್ಲಿ ಮಠದಲ್ಲಿ ಪುರಾಣಕ್ಕೆ ಅರ್ಥ ಹೇಳುತ್ತಿದ್ದರು. ಒಬ್ಬರು ಓದುವುದು, ಇವರು ಬಿಡಿಸುವುದು. ಅವರ ಮಗ್ಗುಲಲ್ಲಿ ಕುಳಿತು ಕಲಿತ ರೀತಿ ಅದು. ಕೇಳುವವರ ಮನೆಯ ಮಾತಿನಲ್ಲೇ ಹೇಳಬೇಕು, ಕೇಳುವವರ ಮನಸ್ಸು ಮುರಿಯಬಾರದು. ಹಾಗಾಗಿ ಆ ಧಾರಾವಾಹಿಯ ಹೆಂಗಸಿಗೆ ನಾನು ಪುಸ್ತಕದ ಕನ್ನಡ ಕೊಡಲಿಲ್ಲ. ಅವಳು ನಮ್ಮ ಓಣಿಯವಳಂತೆ ಮಾತಾಡಿದಳು. ಇದನ್ನು ಮೊದಲೇ ಹೇಳಿಬಿಡಬೇಕು.

ಅವಳೊಬ್ಬ ಸಾಧಾರಣ ಗೃಹಿಣಿ. ಗಂಡನಿಗೆ ಕೆಲಸವಿಲ್ಲ, ಇಬ್ಬರು ಮಕ್ಕಳು. ಅವಳಿಗೊಂದು ಆಸೆ, ಹೊಲಿಗೆ ಯಂತ್ರ ಬೇಕು. ಎರಡನೆಯ ಕಂತಿನಲ್ಲಿ ಗಂಡ ನಾಜಿ ಪಕ್ಷಕ್ಕೆ ಸೇರಿದ, ಅದರ ಕಂದು ಅಂಗಿ ಬಂತು, ಪಗಾರ ಬಂತು. ನಾಜಿ ಬಾವುಟ ಆ ಮನೆಗೆ ಮೊದಲು ಬಂದದ್ದು ಮಗುವಿನ ಹುಟ್ಟುಹಬ್ಬದ ಕೇಕಿನ ಮೇಲೆ, ಬೆರಳುದ್ದದ ಕಾಗದದ್ದು. ಆಗ ಎಲ್ಲರೂ ನಗುತ್ತಿದ್ದರು. ಕಿಟಕಿಯಿಂದ ಬಿದ್ದ ಬೆಳಕು ಹಳದಿಯಾಗಿತ್ತು. ಯಾರೂ ಅರಚಲಿಲ್ಲ. ಕ್ಯಾಮೆರಾ ಅವಳ ಮುಖವನ್ನು ಪ್ರೀತಿಯಿಂದ ನೋಡುತ್ತಿತ್ತು, ನಾವೂ ಹಾಗೇ ನೋಡಿದೆವು.

"ಗಂಡಗ ಕೆಲಸ ಹತ್ತಿತು, ಬಿಡವಾ. ಇನ್ನ ಆಕಿಗೆ ಊಟಕ್ಕ ತ್ರಾಸಿಲ್ಲ," ಎಂದಳು ದೊಡ್ಡವ್ವ.

"ಮಷಿನ್ ಯಾವಾಗ ತಗೋತಾಳ ನೋಡಬೇಕು," ಎಂದಳು ಸೊಸೆ.

"ಮೊದಲ ನಿನಗ ಬರಲಿ, ಆಮ್ಯಾಲ ಆಕಿಗೆ," ಎಂದಳು ಬಳೆಗಾರ್ತಿ. ಸೊಸೆ ಎರಡು ವರ್ಷದಿಂದ ಯಂತ್ರ ಕೇಳುತ್ತಿದ್ದುದು ಓಣಿಗೆಲ್ಲ ಗೊತ್ತಿತ್ತು. ದೊಡ್ಡವ್ವನೇ ಎಲ್ಲರಿಗಿಂತ ಜೋರಾಗಿ ನಕ್ಕಳು.

ಅದೇ ವಾರ ಎಲ್ಲರ ಮೊಬೈಲಿಗೆ ಒಂದು ಸಂದೇಶ ಬಂದಿತ್ತು. ಹಬ್ಬಕ್ಕೆ ಬಳೆಗಳನ್ನು ನಮ್ಮವರ ಅಂಗಡಿಯಲ್ಲೇ ಕೊಳ್ಳಿ ಎಂದು. ದೊಡ್ಡವ್ವ ಅದನ್ನು ಬಳೆಗಾರ್ತಿಯ ಎದುರಿಗೇ ಓದಿಸಿ ಕೇಳಿದಳು. "ಬಳಿಗೂ ಜಾತಿ ಐತೇನವಾ? ಕೈ ನೋಯಿಸದಂಗ ಇಟ್ರ ಸಾಕು. ಹಬ್ಬಕ್ಕ ಹಸಿರ ಬಳಿ ತಾ, ನನಗ ಎರಡ ಡಜನ್," ಎಂದಳು. ಬಳೆಗಾರ್ತಿ ತಲೆಯಾಡಿಸಿದಳು. ಅವಳು ನಕ್ಕಳೋ ಇಲ್ಲವೋ ನೆನಪಿಲ್ಲ. ನೆನಪಿಸಿಕೊಳ್ಳಲು ಬಹಳ ಸಲ ಪ್ರಯತ್ನಿಸಿದ್ದೇನೆ.

ಧಾರಾವಾಹಿಯಲ್ಲಿ, ಆ ಗೃಹಿಣಿಯ ಮನೆಯ ಕೆಳಗೆ ಒಬ್ಬ ಯಹೂದಿ ಹೆಂಗಸಿನ ಹೊಲಿಗೆ ಅಂಗಡಿ ಇತ್ತು. ಗೃಹಿಣಿಯ ಮದುವೆಯ ಉಡುಪು ಹೊಲಿದದ್ದು ಅಲ್ಲಿಯೇ. ನಾಲ್ಕನೆಯ ಕಂತಿನಲ್ಲಿ ಅಂಗಡಿಯ ಮುಂದೆ ಹುಡುಗರು ಯಹೂದಿಗಳಲ್ಲಿ ಕೊಳ್ಳಬೇಡಿ ಎಂಬ ಫಲಕ ಹಿಡಿದು ನಿಂತಿದ್ದರು. ನಮ್ಮವಳು (ಹೌದು, ಅಷ್ಟೊತ್ತಿಗೆ ಅವಳನ್ನು ಹಾಗೇ ಕರೆಯುತ್ತಿದ್ದೆವು) ಬಾಗಿಲವರೆಗೆ ಹೋಗಿ, ಮಗಳ ಕೈ ಹಿಡಿದು ತಿರುಗಿದಳು. "ಇವತ್ತ ಬ್ಯಾಡ" ಎಂದಳು. ಹಾಗೆಂದು ಕನ್ನಡದಲ್ಲಿ ಹೇಳಿದವಳು ನಾನು.

"ಮತ್ತೇನ ಮಾಡ್ತಾಳ? ಕೂಸು ಸಂಗಾಟ ಐತಿ," ಎಂದಳು ದೊಡ್ಡವ್ವ.

ಆರನೆಯ ಕಂತಿನ ಮಂಗಳವಾರ ಬಂತು. ದೊಡ್ಡ ಕೋಣೆಯೊಂದರಲ್ಲಿ ಕುರ್ಚಿ, ಕನ್ನಡಿ, ತೊಟ್ಟಿಲುಗಳನ್ನು ಹರಾಜಿಗೆ ಇಟ್ಟಿದ್ದರು. ನಮ್ಮವಳು ಒಂದು ಹೊಲಿಗೆ ಯಂತ್ರದ ಮುಂದೆ ನಿಂತಳು. ಇದರವರು ಎಲ್ಲಿ ಹೋದರು ಎಂದು ಗುಮಾಸ್ತನನ್ನು ಕೇಳಿದಳು. ಅವರಿಗೆ ಇದು ಇನ್ನು ಬೇಕಾಗುವುದಿಲ್ಲ ಎಂದ ಅವನು. ಅವಳು ಕೊಳ್ಳಲು ಕೈ ಎತ್ತಿದಳು.

ಆ ಪ್ರಶ್ನೆ, ಆ ಉತ್ತರ, ಈ ಎರಡು ಸಾಲುಗಳನ್ನು ನಾನು ಓದಿದೆ, ಹೇಳಲಿಲ್ಲ. "ಸರಕಾರದವರು ಹಳೆ ಸಾಮಾನ ಹರಾಜ ಹಾಕ್ಯಾರ, ಆಕಿಗೆ ಮಷಿನ್ ಸಿಕ್ತು" ಎಂದೆ. ಬಳೆಗಾರ್ತಿ ಅಲ್ಲಿಯೇ ಇದ್ದಳು, ಸೊಸೆಯ ಕೈ ಅವಳ ಕೈಯಲ್ಲಿತ್ತು. ಅವಳಿಗೆ ನೋವಾಗಬಾರದೆಂದು ಬಿಟ್ಟೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ಆ ಮಧ್ಯಾಹ್ನ ಕೆಡಬಾರದಿತ್ತು, ಅಷ್ಟೇ.

"ಸಿಕ್ತು ನೋಡ್ರಿ!" ಎಂದು ಸೊಸೆ ಇನ್ನೊಂದು ಕೈಯಿಂದ ತೊಡೆ ತಟ್ಟಿದಳು. ದೊಡ್ಡವ್ವನ ಕಣ್ಣಲ್ಲಿ ನೀರಿತ್ತು. "ಪಾಪ, ಎಷ್ಟ ದಿನದಿಂದ ಬೇಕಂತಿದ್ಲು."

ಬಳೆಗಾರ್ತಿ ಟಿವಿಯನ್ನೇ ನೋಡುತ್ತಿದ್ದಳು. "ಟೀಚರಬಾಯಾರ, ಅದ ಆ ಅಂಗಡಿ ಬಾಯಿದ, ಆ ಹೊಲಿಯೋ ಹೆಣ್ಮಗಳ ಮಷಿನ್ ಅಲ್ರಿ? ಗಾಲಿ ಒಡದದ್ದಕ್ಕ ಚೌಕಳಿ ಬಟ್ಟಿ ಪಟ್ಟಿ ಸುತ್ತಿದ್ಲು. ಅದ ಪಟ್ಟಿ ಐತಿ ನೋಡ್ರಿ."

ಇತ್ತು. ನನಗೂ ಕಾಣುತ್ತಿತ್ತು.

"ಇಲ್ಲ, ಅದು ಬ್ಯಾರೆ. ಅಂಥಾದ್ದ ಇನ್ನೊಂದು," ಎಂದೆ.

"ಹಂಗಂದ್ರ ಆ ಬಾಯಿ ಎಲ್ಲಿ ಹೋದ್ಲರಿ?"

"ಊರ ಬಿಟ್ಟ ಹೋದ್ಲು."

ಅವಳು ಹೂಂ ಎಂದು ಸೊಸೆಯ ಕೈಗೆ ಕೊನೆಯ ಬಳೆ ಇಡಿಸಿದಳು.

ಮುಂದಿನ ಮಂಗಳವಾರ ಅವಳು ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಹಬ್ಬದ ದಿನ ದೊಡ್ಡವ್ವನ ಎರಡೂ ಕೈಯಲ್ಲಿ ಹೊಸ ಹಸಿರು ಬಳೆಗಳಿದ್ದವು. ಎಲ್ಲಿಯವು ಎಂದು ಕೇಳಿದೆ.

"ಬಸ್ ಸ್ಟ್ಯಾಂಡ್ ಬಾಜೂ ಹೊಸಾ ಅಂಗಡಿ ಆಗೇತಲ್ಲ. ಅಲ್ಲೇ ತಗೋರಿ ಅಂತ ಹುಡುಗ್ರು ಬಂದ ಹೇಳಿ ಹೋದ್ರು. ಸುಮ್ನ ಅವರ ಕೂಡ ಯಾಕ ತಕರಾರು?"

ದನಿ ಮೃದುವಾಗಿತ್ತು. ಆ ದನಿ ನನಗೆ ಗೊತ್ತಿತ್ತು. ಆರು ಕಂತುಗಳ ಉದ್ದಕ್ಕೂ ಆ ಜರ್ಮನ್ ಹೆಂಗಸಿಗೆ ನಾನು ಕೊಟ್ಟಿದ್ದು ಅದೇ ದನಿಯನ್ನು. ಯಾರಿಂದ ಎತ್ತಿಕೊಂಡಿದ್ದೆ ಎಂಬುದು ಆಗ ತಿಳಿಯಿತು.

ಮರುದಿನ ಗೋಕಾಕದ ಬಸ್ಸು ಹತ್ತಿದೆ. ಬಳೆಗಾರ್ತಿ ಮನೆಯ ಹೊಸ್ತಿಲಲ್ಲಿ ಕುಳಿತು, ಒಡೆದ ಬಳೆಗಳನ್ನು ಬೇರೆ ಮಾಡುತ್ತಿದ್ದಳು. ನೀರು ಕೊಟ್ಟಳು. ನಾನು ಸುತ್ತು ಬಳಸಲಿಲ್ಲ. ಆ ಯಂತ್ರ ಆ ಅಂಗಡಿಯವಳದ್ದೇ ಎಂದೆ. ಅವಳು ಊರು ಬಿಟ್ಟು ಹೋದದ್ದಲ್ಲ, ಅವಳನ್ನು ಹಿಡಿದೊಯ್ದರು ಎಂದೆ.

"ನನಗ ಕಂಡಿತ್ತಲ್ರಿ. ನನಗ್ಯಾಕ ಹೇಳಾಕ ಬಂದ್ರಿ? ಆ ಅತ್ತಿ-ಸೊಸಿಗೆ ಹೇಳಿದ್ರೇನು?"

"ಇನ್ನಾ ಇಲ್ಲ."

ಅವಳು ಮತ್ತೆ ಒಡೆದ ಬಳೆಗಳತ್ತ ತಿರುಗಿದಳು.

ಮರುದಿನ ಮಧ್ಯಾಹ್ನ ಅವರಿಬ್ಬರೂ ಬಂದಾಗ ನಾನು ಟಿವಿ ಹಚ್ಚಲಿಲ್ಲ. ಬಿಟ್ಟ ಎರಡು ಸಾಲುಗಳನ್ನು ಹೇಳಿದೆ. ಸೊಸೆ ಕೈಯ ಬಳೆ ತಿರುಗಿಸುತ್ತ ಕುಳಿತಳು. ದೊಡ್ಡವ್ವ ಹೇಳಿದಳು: "ಪಟ್ಟಿ ನಮಗೂ ಕಂಡಿತ್ತವಾ. ನೀ ಹೇಳಲಿಲ್ಲ, ನಾವು ಕೇಳಲಿಲ್ಲ. ಆತಲ್ಲ, ಮುಂದಿನ ಕಂತ ಹಚ್ಚು."

"ಮಂಗಳವಾರ ಆಕಿನ್ನ ಕರೀಲೇನು?" ಎಂದೆ.

"ನಿನ್ನ ಮನಿ, ನೀ ಕರೀ. ಯಾರ ಬ್ಯಾಡ ಅಂತಾರ?" ನನ್ನ ಕೈ ಸವರಿದಳು. "ಆವತ್ತ ನಾವ ಬರಾಂಗಿಲ್ಲ, ಅಷ್ಟ."

ಮಂಗಳವಾರ ಬಳೆಗಾರ್ತಿ ಬಂದಳು. ನಾನು ಬಾಗಿಲು ತೆರೆದೇ ಇಟ್ಟಿದ್ದೆ. ಎದುರುಮನೆಯ ಬಾಗಿಲು ಹಾಕಿತ್ತು. ನನ್ನ ಕೈಗೆ ಬಳೆ ಇಡಿಸಿ, "ಉಳದದ್ದ ಹಚ್ರಿ. ಆ ಅಂಗಡಿ ಬಾಯಿ ಏನಾದ್ಲು ನೋಡೋಣು," ಎಂದಳು.

ಉಳಿದದ್ದು ಎರಡು ಕಂತು. ಒಂದು ಮಾತನ್ನೂ ಬಿಡದೆ ಹೇಳಿದೆ. ನಮ್ಮವಳು ಆ ಯಂತ್ರದಲ್ಲಿ ಮಗಳಿಗೆ ಉಡುಪು ಹೊಲಿದಳು. ಯುದ್ಧ ಬಂತು, ಗಂಡ ಸತ್ತ, ಮನೆ ಬಿತ್ತು, ಅವಳು ಅತ್ತಳು. ಕ್ಯಾಮೆರಾ ಕೊನೆಯವರೆಗೂ ಅವಳ ಬಳಿಯೇ ಇತ್ತು. ಅವಳು ಹೇಗೆ ಮರುಳಾದಳು, ಹೇಗೆ ನೊಂದಳು ಎಂಬುದನ್ನು ತೋರಿಸುವುದರಲ್ಲೇ ಅದಕ್ಕೆ ಎಂಟು ಕಂತು ಹಿಡಿದಿತ್ತು. ಅಂಗಡಿಯವಳ ಹಿಂದೆ ಅದು ಒಮ್ಮೆಯೂ ಹೋಗಲಿಲ್ಲ.

ನಟರ ಹೆಸರುಗಳು ಮೇಲೇರತೊಡಗಿದವು. ಬಳೆಗಾರ್ತಿ ಅವೆಲ್ಲ ದಾಟಿ ಹೋಗುವವರೆಗೂ ಪರದೆ ನೋಡುತ್ತ ಕುಳಿತಿದ್ದಳು.

"ಇಷ್ಟೇ ಏನ್ರಿ?" ಎಂದಳು.

"ಇಷ್ಟೇ," ಎಂದೆ.

ಅವಳು ಬಳೆಯ ಗಂಟು ಕಟ್ಟಿಕೊಂಡು ಎದ್ದಳು.