ಅಳುಮುಂಜಿಗೆ ಹೇಳಬೇಡಿ

ಅಣ್ಣನ ಮಗಳು ನಾಗರಬಾವಿಯ ಕಾಲೇಜೊಂದರಲ್ಲಿ ಮನಃಶಾಸ್ತ್ರ ಓದುತ್ತಾಳೆ. ಒಂದು ಭಾನುವಾರ ನನ್ನನ್ನು ಎದುರಿಗೆ ಕೂರಿಸಿಕೊಂಡು, "ಅತ್ತೆ, ನೀವು ಹೈಲಿ ಸೆನ್ಸಿಟಿವ್. ಅದು ಕಾಯಿಲೆ ಅಲ್ಲ, ಹುಟ್ಟುಗುಣ" ಎಂದಳು. ಅರವತ್ತು ಹತ್ತಿರವಾಗುವ ತನಕ ಅಳುಮುಂಜಿ ಎಂದು ಕರೆಸಿಕೊಂಡವಳಿಗೆ ಕೊನೆಗೆ ಇಂಗ್ಲಿಷಿನಲ್ಲೊಂದು ಬಿರುದು ಸಿಕ್ಕಿತು. ವಯಸ್ಸಾಗ್ತಾ ಆಗ್ತಾ ಕಮ್ಮಿಯಾಗುತ್ತೇನೇ ಎಂದು ಕೇಳಿದೆ. "ಒಬ್ಬೊಬ್ರಿಗೆ ಒಂದೊಂದು ಥರ ಅತ್ತೆ" ಎಂದಳು. ಇದನ್ನು ಹೇಳುವುದಕ್ಕೆ ಕಾಲೇಜಿಗೆ ಯಾಕೆ ಹೋಗಬೇಕಿತ್ತೋ ನನಗೆ ತಿಳಿಯಲಿಲ್ಲ.

ನಮ್ಮ ಮನೆಯವರಿಗೆ ಈ ವಿಷಯದಲ್ಲಿ ಯಾವತ್ತೂ ಅನುಮಾನವಿರಲಿಲ್ಲ. ದೊಡ್ಡವಳಾದರೆ ಸರಿಹೋಗುತ್ತಾಳೆ ಎಂದರು. ಆಮೇಲೆ, ಮದುವೆಯಾಗಲಿ ಎಂದರು. ಅದೂ ಆಯಿತು, ಎರಡು ಹೆತ್ತದ್ದೂ ಆಯಿತು. ಮುಟ್ಟು ನಿಂತ ಮೇಲಂತೂ ಗ್ಯಾರಂಟಿ ಎಂದು ಅತ್ತಿಗೆ ಗೀಸರ್ ರಿಪೇರಿಯವನ ಧಾಟಿಯಲ್ಲಿ ಭರವಸೆ ಕೊಟ್ಟರು. ನಾನು ರಿಪೇರಿಯಾಗಲಿಲ್ಲ. ಮದುವೆಮನೆಯಲ್ಲಿ ಹೆಣ್ಣೊಪ್ಪಿಸುವ ಶಾಸ್ತ್ರ ಶುರುವಾದರೆ ಸಾಕು, ನನ್ನ ಕಣ್ಣು ಯಾರ ಮಾತೂ ಕೇಳುವುದಿಲ್ಲ. ಒಮ್ಮೆ ರಾಜಾಜಿನಗರದ ಛತ್ರದಲ್ಲಿ ಗಂಡಿನ ಕಡೆಯವಳಾಗಿ ಹೋಗಿ ಎಷ್ಟು ಅತ್ತೆನೆಂದರೆ, ಹುಡುಗಿಯ ತಾಯಿಯೇ ಅಳು ನಿಲ್ಲಿಸಿ ಬಂದು ನನಗೆ ನೀರು ಕೊಟ್ಟರು. ಅವತ್ತು ಇಡೀ ವ್ಯಾನು ನಗುತ್ತಾ ಮನೆಗೆ ಬಂತು.

ಹೀಗಾಗಿ ಮನೆಯಲ್ಲೊಂದು ಕಾನೂನು ಜಾರಿಯಾಯಿತು. "ಅವಳಿಗೆ ಹೇಳ್ಬೇಡಿ, ತಡ್ಕೊಳಲ್ಲ." ಚಿಕ್ಕಪ್ಪ ಬಚ್ಚಲಲ್ಲಿ ಬಿದ್ದು ಸೊಂಟ ಮುರಿದುಕೊಂಡ ಸುದ್ದಿ ನನಗೆ ಮುಟ್ಟಿದ್ದು ಅವರು ಕೋಲು ಹಿಡಿದು ವಾಕಿಂಗ್ ಹೊರಟ ಮೇಲೆ. ಎಂಥಾ ಕಾಳಜಿ ನೋಡಿ. ನಾನು ಎಲ್ಲವನ್ನೂ ತಡೆದುಕೊಂಡೇ ಬಂದಿದ್ದೇನೆ, ಅಳುತ್ತಾ ತಡೆದುಕೊಂಡಿದ್ದೇನೆ, ಅಷ್ಟೆ. ಅಳುವವಳ ಪಕ್ಕದಲ್ಲಿ ಐದು ನಿಮಿಷ ಕೂರುವುದು ಇವರ ಕೈಲಾಗುತ್ತಿರಲಿಲ್ಲ. ಕೈಲಾಗದವರು ಇವರು, ಹೆಸರು ಕೆಟ್ಟದ್ದು ನನ್ನದು.

ಕಳೆದ ವರ್ಷ ಅವರೆಕಾಯಿ ಕಾಲ. ಅಮ್ಮ ಆರ್‌ಪಿಸಿ ಲೇಔಟ್‌ನಲ್ಲಿ ಅಣ್ಣನ ಮನೆಯಲ್ಲಿದ್ದಳು. ನಾನಿರುವ ಬಸವೇಶ್ವರನಗರದಿಂದ ಎಷ್ಟು ಮಹಾ ದೂರ, ಆದರೂ ಹೋಗುತ್ತೇನೆ ಎಂದಾಗಲೆಲ್ಲ ಅತ್ತಿಗೆ ಫೋನಿನಲ್ಲಿ, "ಮನೆಗೆ ಪೇಂಟ್ ಮಾಡಿಸ್ತಾ ಇದೀವಿ ಕಣ್ರೀ, ನಿಮಗೆ ಆ ವಾಸ್ನೆ ಆಗಲ್ಲ, ಆಮೇಲೆ ಬನ್ನಿ" ಎನ್ನುತ್ತಿದ್ದರು. ಅಮ್ಮನೂ ಗ್ಯಾಸ್ಟ್ರಿಕ್ ಅಂತೆ ಕಣೇ ಎನ್ನುತ್ತಿದ್ದಳು. ಒಂದು ದಿನ ಅಣ್ಣ ವಿಜಯನಗರದ ದರ್ಶಿನಿಗೆ ಕರೆದ. ಕಾಫಿ ಲೋಟ ಕೈಯಲ್ಲಿ ಹಿಡಿದು, ನನ್ನ ಮುಖ ನೋಡದೆ ಹೇಳಿದ.

"ಅಮ್ಮಂಗೆ ಲಿವರ್ ಕ್ಯಾನ್ಸರ್. ಜಾಸ್ತಿ ದಿನ ಇಲ್ಲ ಅಂದಿದಾರೆ. ಅಮ್ಮಂಗೆ ಗೊತ್ತಿಲ್ಲ, ಗೊತ್ತಾಗಲೂಬಾರದು. ನಿನ್ನನ್ನ ನೋಡ್ಬೇಕು ಅಂತ ಒಂದೇ ಸಮ ಹಟ ಮಾಡ್ತಿದಾಳೆ. ಬಾ, ಆದ್ರೆ ಒಂದು ಹನಿ ಕಣ್ಣೀರು ಹಾಕಿದ್ರೂ ಇನ್ನೊಂದ್ಸಲ ಒಳಗೆ ಬಿಡಲ್ಲ ನೋಡು."

ನನಗೆ ಮೈಯೆಲ್ಲ ಉರಿಯಿತು. ಹೆತ್ತ ತಾಯಿಯನ್ನು ನೋಡುವುದಕ್ಕೆ ಈ ಮಹಾನುಭಾವನ ಪರೀಕ್ಷೆ ಪಾಸು ಮಾಡಬೇಕಂತೆ. ಬೈಯಬೇಕೆಂದು ಬಾಯಿಯ ತನಕ ಬಂದದ್ದನ್ನು ನುಂಗಿಕೊಂಡು, ಸರಿ ಎಂದೆ. ಉಳಿದ ದಿನಗಳಲ್ಲಿ ಅಮ್ಮನ ಹತ್ತಿರ ಕೂರುವುದು ನನಗೆ ಬೇಕಿತ್ತು. ಅತ್ತರೆ ಅದೂ ಇಲ್ಲ.

ಮಾರನೆಯ ದಿನ ಬೆಳಗ್ಗೆ ಹೋದೆ. ಗೋಡೆಗಳಿಗೆ ಪೇಂಟೂ ಇಲ್ಲ, ಗೀಂಟೂ ಇಲ್ಲ, ಅದೇ ಹಳೇ ಎಣ್ಣೆಯ ಕಲೆ. ಅತ್ತಿಗೆ ಹಲ್ಲು ಕಾಣುವಂತೆ ನಗುತ್ತಿದ್ದರು, ಹಿಂದೆ ನಿಂತ ಅಣ್ಣನೂ ನಗುತ್ತಿದ್ದ. ಇಬ್ಬರೂ ನಾಟಕದ ಕಂಪನಿಗೆ ಸೇರಬೇಕಿತ್ತು, ಅಂಥಾ ಕೆಟ್ಟ ನಟನೆಗೆ ಯಾರು ಸೇರಿಸಿಕೊಳ್ಳುತ್ತಿದ್ದರೋ ಅದು ಬೇರೆ ಮಾತು. ಅಮ್ಮ ಮಂಚದ ಮೇಲೆ ಅರ್ಧ ಆಗಿಹೋಗಿದ್ದಳು. ಪಾದ ಊದಿದ್ದವು, ಬಳೆಗಳು ಮೊಣಕೈಗೆ ಜಾರಿದ್ದವು. ಆದರೂ ನನ್ನ ಕಣ್ಣು ಒಣಗಿಯೇ ಇತ್ತು. ಭಲೇ ಎಂದು ನನಗೆ ನಾನೇ ಹೇಳಿಕೊಂಡೆ.

ನಗುತ್ತಾ ಹಿದುಕಿದ ಬೇಳೆ ಸಾರಿನ ವಿಷಯ ಮಾತಾಡಿದೆ. ಟಿವಿಯಲ್ಲಿ ಹಿಂದಿನ ರಾತ್ರಿಯ ಧಾರಾವಾಹಿ ಮತ್ತೆ ಬರುತ್ತಿತ್ತು, ಅತ್ತೆಯೊಬ್ಬಳು ಸೊಸೆಯನ್ನು ಮಗುವಿನ ಸಮೇತ ಹೊರಗೆ ತಳ್ಳುತ್ತಿದ್ದಳು. ಅಮ್ಮ ಟಿವಿ ನೋಡುತ್ತಿರಲಿಲ್ಲ. ನನ್ನ ಮುಖವನ್ನೇ ನೋಡುತ್ತಿದ್ದಳು. ಜಾಹೀರಾತು ಬಂದಾಗ ಅತ್ತಿಗೆಗೆ, "ಇವಳಿಗೆ ಒಂಚೂರು ಕಾಫಿ ಮಾಡ್ಕೊಂಡು ಬಾಮ್ಮ" ಎಂದಳು. ಅಣ್ಣನನ್ನು ಹಾಲು ತರುವುದಕ್ಕೆ ಅಟ್ಟಿದಳು. ಅವರಿಬ್ಬರೂ ಹೋದ ಮೇಲೆ ನನ್ನ ಕೈ ಹಿಡಿದುಕೊಂಡಳು.

"ಯಾರ್ದೋ ಮನೆ ಹೆಣ್ಣು ಕಳಿಸಿದ್ರೆ ಅಳೋಳು ನೀನು. ಈ ಸೀರಿಯಲ್ ನೋಡ್ಕೊಂಡೂ ಅಳ್ತೀಯ. ನನ್ನ ಈ ಸ್ಥಿತೀಲಿ ನೋಡಿ ನಗ್ತಾ ಕೂತಿದೀಯ ಅಂದ್ರೆ, ನಂದು ಮುಗೀತು ಅಂತ ತಾನೇ?"

ಒಣಗಿದ ಮುಖ ಹೊತ್ತು ಬಂದು ನಾನೇ ಎಲ್ಲವನ್ನೂ ಹೇಳಿಬಿಟ್ಟಿದ್ದೆ.

"ಇವ್ರೆಲ್ಲಾ ನಗೋದು ನೋಡಿ ನೋಡಿ ಸಾಕಾಗಿತ್ತು ಕಣೇ" ಎಂದಳು. "ನೀನು ಬಂದ್ರೆ ಗೊತ್ತಾಗುತ್ತೆ ಅಂತಾನೇ ಕಾಯ್ತಿದ್ದೆ. ಈಗ ಅಳು, ಅವ್ಳು ಕಾಫಿ ತರೋದ್ರೊಳಗೆ."

ಅವಳ ತೊಡೆಯ ಮೇಲೆ ಮುಖವಿಟ್ಟು ಅತ್ತೆ. ಅಮ್ಮನೂ ಅತ್ತಳು. ಅಡುಗೆಮನೆಯಲ್ಲಿ ಲೋಟದ ಸದ್ದಾದಾಗ ಸೆರಗಿನಿಂದ ನನ್ನ ಮುಖ ಒರೆಸಿ, ಮೆಲ್ಲಗೆ, "ನಂಗೆ ಗೊತ್ತಾಗಿದೆ ಅಂತ ನಿಮ್ಮಣ್ಣಂಗೆ ಹೇಳ್ಬೇಡ. ಪಾಪ, ತಡ್ಕೊಳಲ್ಲ ಅವನು" ಎಂದಳು.

ಹೊರಡುವಾಗ ಅಣ್ಣ ಗೇಟಿನ ತನಕ ಬಂದ. ನನ್ನ ಬೆನ್ನು ತಟ್ಟಿ, "ಪರವಾಗಿಲ್ಲ ಕಣೇ, ಅಂತೂ ಸರಿಹೋದೆ. ನಾಳೇನೂ ಬಾ" ಎಂದ. ಹೂಂ ಅಣ್ಣ ಎಂದೆ.